ಬಕೆಟ್‌ನಿಂದ ನೇತ್ರಾಣಿಗೆ: ನೀರೊಳಗಿನ ಫೋಟೋಗ್ರಫಿಯ ಮೊದಲ ಪಾಠ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತವರಿಗೆ ನೀರೊಳಗೆ ಫೋಟೋ ತೆಗೆಯೋ ಹುಚ್ಚು ಯಾಕೆ ಅಂತ ಕೇಳಬಹುದು. ನಮಗೂ ಗೊತ್ತಿಲ್ಲ, ಹತ್ತಿತು ಅಷ್ಟೆ. ಸೀನಿಯರ್ ಒಬ್ಬರು ತಮ್ಮ ಮಿರರ್‌ಲೆಸ್ ಕ್ಯಾಮೆರಾ, ಅದರ ಹೌಸಿಂಗ್ ಎರಡನ್ನೂ ಕೊಟ್ಟರು. "ಇನ್ನೂ 6 ಇಎಂಐ ಬಾಕಿ ಇದೆ ಕಣ್ರೋ, ಹುಷಾರು" ಅಂದರು. ಆ ಮಾತೇ ನಮ್ಮನ್ನು ಕಾಪಾಡಿತು.

1. ಮೊದಲು ಖಾಲಿ ಹೌಸಿಂಗ್ ಮುಳುಗಿಸಿ

ಹೌಸಿಂಗ್ ಅಂದರೆ ಕ್ಯಾಮೆರಾ ಒಳಗಿಟ್ಟು ಮುಚ್ಚುವ ನೀರು ಹೋಗದ ಪೆಟ್ಟಿಗೆ. ನಾವು ಕ್ಯಾಮೆರಾ ಬದಲು ಟಿಶ್ಯೂ ಪೇಪರ್ ಇಟ್ಟು, ಪಿಜಿಯ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿದೆವು. ತೆಗೆದು ನೋಡಿದರೆ ಟಿಶ್ಯೂ ಮೂಲೆ ಒದ್ದೆ! ಕಾರಣ, ಒ-ರಿಂಗ್ ಮೇಲೆ ಕೂತಿದ್ದ ಒಂದೇ ಒಂದು ತಲೆಕೂದಲು.

ಪೀಣ್ಯದ ಹೈಡ್ರಾಲಿಕ್ ಸಿಲಿಂಡರ್‌ಗಳಲ್ಲಿ ಇರುವಂಥದ್ದೇ ರಬ್ಬರ್ ಉಂಗುರ ಇದು. ನೀರಿನ ಒತ್ತಡ ಹೆಚ್ಚಿದಂತೆ ತನ್ನ ಗಾಡಿಯಲ್ಲಿ ಇನ್ನೂ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಕೂದಲು, ಮರಳಿನಿಂದಾಗುವ ಸಣ್ಣ ಸೋರಿಕೆ ಎಷ್ಟೋ ಸಲ ಮೇಲ್ಮಟ್ಟದ ನೀರಿನಲ್ಲೇ ಕಾಣುತ್ತದೆ. ಆದರೆ ಬಕೆಟ್‌ನಲ್ಲಿ ಪಾಸಾದರೆ ಸಮುದ್ರದಲ್ಲೂ ಪಾಸ್ ಅಂತಲ್ಲ: 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಹೌಸಿಂಗ್‌ನ ಆಳದ ಮಿತಿ ಓದಿಕೊಳ್ಳಿ. ತಯಾರಕರು ಹೇಳಿದ ಗ್ರೀಸ್ ಮಾತ್ರ, ಅದೂ ತೆಳುವಾಗಿ ಸವರಿ. ಸೀಲ್ ಮಾಡೋದು ರಿಂಗ್, ಗ್ರೀಸ್ ಅಲ್ಲ.

ಮಿರರ್‌ಲೆಸ್‌ನ ಬ್ಯಾಟರಿ ಬೇಗ ಇಳಿಯುತ್ತದೆ. ಫುಲ್ ಚಾರ್ಜ್ ಮಾಡಿ, ಕಾರ್ಡ್ ಖಾಲಿ ಮಾಡಿ, ಲೆನ್ಸ್ ಕ್ಯಾಪ್ ತೆಗೆದು (ಇದನ್ನೂ ಮರೆತಿದ್ದೇವೆ!) ಒಣ ಕೋಣೆಯಲ್ಲೇ ಮುಚ್ಚಿ. ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟರೆ ಗಾಜಿಗೆ ಮಂಜು ಕಟ್ಟುವುದು ಕಡಿಮೆ.

2. ಹತ್ತಿರ ಹೋಗಿ

ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. 5-6 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹಳಷ್ಟು ಮಾಯ, ಎಲ್ಲ ನೀಲಿ-ಹಸಿರು. ಲೆಕ್ಕಕ್ಕೆ ಬರೋದು ಆಳ ಮಾತ್ರವಲ್ಲ, ವಸ್ತುವಿನಿಂದ ಲೆನ್ಸ್‌ವರೆಗಿನ ನೀರೂ ಸೇರುತ್ತದೆ. ಜೂಮ್ ಮಾಡಿದರೆ ನಡುವಿನ ನೀರು ಕಡಿಮೆಯಾಗಲ್ಲ. ಒಂದು ಮೀಟರ್ ಒಳಗೆ ಹೋಗಿ. ರಾ ಫಾರ್ಮ್ಯಾಟ್‌ನಲ್ಲಿ ತೆಗೆಯಿರಿ, ವೈಟ್ ಬ್ಯಾಲೆನ್ಸ್ ಆಮೇಲೆ ಸರಿಮಾಡಬಹುದು. ಸ್ಕ್ರೀನ್‌ನಲ್ಲೇ ಬಣ್ಣ, ಬೆಳಕು ಹೇಗೆ ಬರುತ್ತದೆಂದು ಮೊದಲೇ ಕಾಣುವುದು ಮಿರರ್‌ಲೆಸ್‌ನ ದೊಡ್ಡ ಅನುಕೂಲ. ಶಟರ್ 1/125 ಸೆಕೆಂಡ್‌ನಿಂದ ಶುರುಮಾಡಿ. ಫ್ಲ್ಯಾಶ್ ಇದ್ದರೆ ಲೆನ್ಸ್ ಪಕ್ಕದಿಂದ ದೂರ ಇಡಿ. ಇಲ್ಲವಾದರೆ ನೀರಿನ ಕಣಗಳೆಲ್ಲ ಬಿಳಿ ಚುಕ್ಕೆಗಳಾಗಿ ಹೊಳೆಯುತ್ತವೆ.

3. ಮೊದಲ ಡೈವ್‌ಗೆ ಕ್ಯಾಮೆರಾ ಬೇಡ

ನಮ್ಮ ರಾಜ್ಯದಲ್ಲೇ ಡೈವಿಂಗ್‌ಗೆ ಹೆಸರಾದ ಜಾಗ ನೇತ್ರಾಣಿ. ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದ ಸಣ್ಣ ದ್ವೀಪ. ಮಳೆಗಾಲದಲ್ಲಿ ಡೈವಿಂಗ್ ಇರಲ್ಲ. ಅಲ್ಲಿ ಹೋದ ತಕ್ಷಣ ಕ್ಯಾಮೆರಾ ಹಿಡಿಯುವ ಆಸೆ ಬೇಡ. ಉಸಿರಾಟ, ಕಿವಿಯ ಒತ್ತಡ, ತೇಲುವಿಕೆ ಕೈಗೆ ಬರದವರು ವ್ಯೂಫೈಂಡರ್ ನೋಡುತ್ತಾ ಕೂತರೆ ಅಪಾಯ ಅವರಿಗೂ, ಕಾಲು ತಗುಲಿ ಮುರಿಯುವ ಹವಳಕ್ಕೂ. ಅದಕ್ಕೇ ನಾವು ಅನುಮತಿ ಕೇಳಿ ಈಜುಕೊಳದಲ್ಲಿ ಅಭ್ಯಾಸ ಮಾಡುತ್ತಿದ್ದೇವೆ. ತಳದಲ್ಲಿಟ್ಟ ಕೆಂಪು ಪ್ಲಾಸ್ಟಿಕ್ ಮಗ್ಗೇ ನಮ್ಮ ಮೀನು!

ಮುಗಿದ ಮೇಲೆ ಹೌಸಿಂಗ್ ತೆರೆಯುವ ಮುಂಚೆ ಸಿಹಿನೀರಿನಲ್ಲಿ ನೆನೆಸಿ, ಬಟನ್‌ಗಳನ್ನೆಲ್ಲ ಒತ್ತಿ, ಚೆನ್ನಾಗಿ ಒರೆಸಿ. ನಮ್ಮ ಕಡೆಯ ಬೋರ್‌ವೆಲ್ ನೀರು ಹಾಗೇ ಆರಿದರೆ ಬಿಳಿ ಕಲೆ ಖಾತ್ರಿ.

ಸೀನಿಯರ್ ಕ್ಯಾಮೆರಾ ಇವತ್ತಿಗೂ ಒಣಗಿದೆ. ಇಎಂಐ 4 ಬಾಕಿ. ನೀವೂ ಬಕೆಟ್‌ನಿಂದಲೇ ಶುರುಮಾಡಿ.