ನಿಧಾನವಾದ ಉಸಿರು

ಸೊರಬ, ಶಿಕಾರಿಪುರ ಸೀಮೆಗಳ ಮನೆಗಳಲ್ಲಿ ರೋಗಿಯ ಉಸಿರಾಟವು ಹೆಚ್ಚಿದರೆ ಎಲ್ಲರೂ ಎದ್ದು ಕೂರುವರು. ಕಡಿಮೆಯಾದರೆ, “ಸದ್ಯ, ನಿದ್ದೆ ಹತ್ತಿತು” ಎಂದು ದೀಪವಾರಿಸಿ ಮಲಗುವರು. ಈ ಎರಡನೆಯ ಸಮಾಧಾನವು ಕೆಲವು ವೇಳೆ ಪ್ರಾಣಕ್ಕೇ ಮುಳುವಾಗುವುದಾದಕಾರಣ, ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಂದಿರಿಗೂ ಈ ಪಾಠವನ್ನು ಬರೆದಿರುವೆವು.

ಪ್ರಾಯದವರು ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುವರು. ಆಗ ತಾನೇ ಹುಟ್ಟಿದ ಕೂಸು 30ರಿಂದ 60 ಸಲ. ಪ್ರಾಯದವರಲ್ಲಿ 12ಕ್ಕಿಂತ ಕಡಿಮೆಯಾದರೆ ಅದನ್ನು ನಿಧಾನವೆಂದೆಣಿಸತಕ್ಕದ್ದು. ತರಗತಿಯಲ್ಲಿ ಒಬ್ಬಳ ಉಸಿರನ್ನು ಇನ್ನೊಬ್ಬಳಿಂದ ಎಣಿಸಿದಾಗ, ಎಣಿಸುತ್ತಿರುವರೆಂದು ತಿಳಿದೊಡನೆ ಉಸಿರಿನ ಗತಿಯೇ ಬದಲಾಗುವುದನ್ನು ಕಂಡಿರುವೆವು. ಆದುದರಿಂದ ನಾಡಿ ಹಿಡಿದವರಂತೆ ಕೈ ಹಿಡಿದುಕೊಂಡು, ಎದೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ನೋಡಬೇಕು.

ಬಳ್ಳಿಗಾವೆಯ ಅಲ್ಲಮಪ್ರಭುವಿನ, ಉಡುತಡಿಯ ಅಕ್ಕಮಹಾದೇವಿಯ ಹೆಸರು ಕೇಳಿ ಬೆಳೆದವರಿಗೆ ಉಸಿರನ್ನು ಬಿಗಿಹಿಡಿಯುವ ಯೋಗದ ಮಾತು ಹೊಸದಲ್ಲ. ತಾನಾಗಿ ಇಚ್ಛಿಸಿ ನಿಧಾನ ಮಾಡಿದ ಉಸಿರು ರೋಗವಲ್ಲ. ಅವನು ಕರೆದರೆ ಓಗೊಡುವನು. ನಾವು ಹೇಳುವುದು ಕರೆದರೂ ಏಳದವನ ವಿಷಯ.

ಮೆದುಳಿನ ಬುಡದಲ್ಲಿ ಉಸಿರಾಟವನ್ನು ಆಳುವ ಒಂದು ಕೇಂದ್ರವುಂಟು. ರಕ್ತದಲ್ಲಿ ಅಂಗಾರಾಮ್ಲ ವಾಯು ಹೆಚ್ಚಿದೊಡನೆ ಅದು ಎಚ್ಚರಗೊಂಡು ಎದೆಯ ಸ್ನಾಯುಗಳಿಗೆ ಅಪ್ಪಣೆ ಕಳುಹಿಸುವುದು. ಅಫೀಮು ಈ ಕೇಂದ್ರವನ್ನೇ ಮಂಕುಮಾಡುವುದು. ಹಸುಗೂಸು ಅಳದಿರಲೆಂದು ಅಫೀಮಿನ ಚೂರು ನೆಕ್ಕಿಸುವ ಪದ್ಧತಿ ಹಿಂದೆ ನಮ್ಮ ದೇಶದ ಹಲವೆಡೆಗಳಲ್ಲಿತ್ತು. ಮಲಗಿದ ಮಗು ಮತ್ತೆ ಏಳದೆ ಹೋದುದೂ ಉಂಟು. ಅಫೀಮಿನ ಜಾತಿಯದೇ ಆದ ಕೋಡೀನ್ ಕೆಲವು ಕೆಮ್ಮಿನ ಔಷಧಗಳಲ್ಲಿ ಈಗಲೂ ಇರುವುದರಿಂದ, ದೊಡ್ಡವರಿಗೆ ಬರೆದುಕೊಟ್ಟ ಶೀಸೆಯನ್ನು ಮಗುವಿನ ಬಾಯಿಗೆ ಹಿಡಿಯಲಾಗದು. ಹೆಂಡದ ಮೇಲೆ ನಿದ್ದೆಗುಳಿಗೆ ನುಂಗುವುದೂ ಅಷ್ಟೇ ಘೋರವಾದುದು. ಅಫೀಮಿನ ವಿಷಕ್ಕೆ ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು; ಇದಕ್ಕೆ ನಾಲೊಕ್ಸೋನ್ ಎಂಬ ಪ್ರತಿವಿಷವು ವೈದ್ಯರಲ್ಲುಂಟು.

ಮಲೆನಾಡಿನ ಅಂಚಿನವರಾದ ನಮಗೆ ಇನ್ನೊಂದು ಭಯ ಕಟ್ಟುಹಾವಿನದು. ಇದನ್ನು ಕಡಂಬಳವೆಂದೂ ಕರೆಯುವರು. ಇದು ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುವುದು. ನೋವಾಗಲಿ ಬಾವಾಗಲಿ ಇಲ್ಲವೆಂಬಷ್ಟು ಸ್ವಲ್ಪ. ಮುಂಜಾನೆ ಹೊಟ್ಟೆನೋವೆಂದವನ ರೆಪ್ಪೆಗಳು ಜೋಲುವುವು, ಮಾತು ತೊದಲುವುದು, ಬಳಿಕ ಉಸಿರು ಆಳವನ್ನು ಕಳೆದುಕೊಂಡು, ನಿಧಾನವಾಗಿ, ನಿಲ್ಲುವುದು. ಇಲ್ಲಿ ಕೇಂದ್ರಕ್ಕೆ ಕುಂದಿಲ್ಲ. ಅದರ ಅಪ್ಪಣೆ ಸ್ನಾಯುಗಳಿಗೆ ಮುಟ್ಟುವುದಿಲ್ಲ. ಕಣ್ಣು ತೆರೆಯಲಾರದವನಿಗೂ ಸುತ್ತಲಿನವರ ಮಾತು ಕೇಳಿಸುತ್ತಿರಬಹುದು, ಆದುದರಿಂದ ಅವನೆದುರು ಅಳುವವರು ಜೋಕೆಯಾಗಿರಬೇಕು. ಭತ್ತ, ಮೆಕ್ಕೆಜೋಳಗಳಿಗೆ ಹೊಡೆಯುವ ಕೆಲವು ಕೀಟನಾಶಕಗಳೂ ಕೇಂದ್ರವನ್ನೂ ಸ್ನಾಯುಗಳನ್ನೂ ಒಟ್ಟಿಗೆ ಕೆಡಿಸುವುವು. ಬಾಯಲ್ಲಿ ಜೊಲ್ಲು ಸುರಿಯುವುದು ಅವುಗಳ ಗುರುತು.

ತಲೆಗೆ ಪೆಟ್ಟು ಬಿದ್ದು ಒಳಗೆ ಒತ್ತಡ ಹೆಚ್ಚುವುದೂ, ಗಂಟಲಿನ ಥೈರಾಯ್ಡ್ ಗ್ರಂಥಿಯು ತೀರ ಸೊರಗುವುದೂ ಕಾರಣಗಳಾಗಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಹರಡಿದ ಜ್ವರದಲ್ಲಿ ನಿಧಾನವಾಗುವುದು ಮುಖ್ಯವಾಗಿ ನಾಡಿ. ನಾಡಿ ಬೇರೆ, ಉಸಿರು ಬೇರೆ; ಎರಡನ್ನೂ ಎಣಿಸತಕ್ಕದ್ದು.

ತಾಯಂದಿರು ಮುಖ್ಯವಾಗಿ ಅರಿಯಬೇಕಾದುದೊಂದುಂಟು. ನ್ಯುಮೋನಿಯಾದಿಂದ ನರಳುವ ಮಗು, ವರ್ಷ ತುಂಬಿದುದಾದರೆ, ನಿಮಿಷಕ್ಕೆ 40ಕ್ಕೆ ಮೇಲ್ಪಟ್ಟು ಏದುಸಿರು ಬಿಡುವುದು. ಅದೇ ಮಗು ಹಾಲನ್ನೂ ಒಲ್ಲದೆ, ಮೈ ಜೋಲುಬಿದ್ದು, ಉಸಿರು ಥಟ್ಟನೆ ನಿಧಾನವಾದರೆ ಅದು ಗುಣವಲ್ಲ. ಎದೆ ದಣಿದು ಸೋತಿದೆಯೆಂದರ್ಥ. ಗುಣವಾದ ಮಗು ಕಣ್ಣು ಬಿಟ್ಟು ನೋಡುವುದು, ಹಾಲು ಕೇಳುವುದು.

ಇಂಥವರನ್ನು ಗಟ್ಟಿಯಾಗಿ ಕರೆದು, ಹೆಗಲು ತಟ್ಟಿ, ಏಳದಿದ್ದರೆ 108ಕ್ಕೆ ಕರೆಕೊಟ್ಟು, ತಲೆಗೆ ಕತ್ತಿಗೆ ಪೆಟ್ಟಾಗಿಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕಾಫಿ, ನೀರು, ಹುಣಿಸೆಹುಳಿ ಯಾವುದನ್ನೂ ಬಾಯಿಗೆ ಹಾಕಕೂಡದು. ಉಸಿರು ನಿಂತೇಹೋದರೆ, ಕಲಿತವರು ಬಾಯಿಂದ ಬಾಯಿಗೆ ಉಸಿರೂದುತ್ತ ವಾಹನ ಬರುವವರೆಗೂ ಬಿಡದಿರಲಿ. ಹತ್ತಿರದಲ್ಲಿ ಬಿದ್ದಿರುವ ಗುಳಿಗೆಯ ಹಾಳೆಯನ್ನಾಗಲಿ, ಔಷಧಿಯ ಡಬ್ಬಿಯನ್ನಾಗಲಿ ಆಸ್ಪತ್ರೆಗೆ ಒಯ್ದು, ಎಷ್ಟು ಗಂಟೆಗೆ ಎಷ್ಟು ಉಸಿರು ಎಣಿಸಿದಿರೆಂಬುದನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿರಿ.