ಕ್ಯಾಪ್ಸ್ ಲಾಕ್‌ಗೆ ಬೇರೆ ಕೆಲಸ ಕೊಡೋಣ

ಪ್ರೋಗ್ರಾಂ ಬರೆಯುವಾಗ ನಮ್ಮ ಕೈ ಎಲ್ಲೆಲ್ಲಿ ಓಡಾಡುತ್ತೆ ಅಂತ ಹತ್ತು ನಿಮಿಷ ಗಮನಿಸಿ ನೋಡಿದರೆ ಆಶ್ಚರ್ಯ ಆಗುತ್ತೆ. ಆರೋ ಕೀ ಒತ್ತುತ್ತಾ ಸಾಲಿಂದ ಸಾಲಿಗೆ ಹೋಗ್ತಿರ್ತೀವಿ, ಮೌಸ್ ಹಿಡಿದು ಇನ್ನೊಂದು ಫೈಲ್ ತೆರೀತೀವಿ, ಟರ್ಮಿನಲ್ ಮೇಲೆ ಕ್ಲಿಕ್ ಮಾಡ್ತೀವಿ, ಮತ್ತೆ ವಾಪಸ್ ಕೋಡ್ ಮೇಲೆ ಕ್ಲಿಕ್. ಒಂದೊಂದು ಸಲಕ್ಕೆ ಹೋಗೋದು ಒಂದೆರಡು ಸೆಕೆಂಡ್ ಅಷ್ಟೇ. ಆದರೆ ಎರಡನೇ ಲೂಪ್‌ನಲ್ಲಿ ಯಾವ ಬೆಲೆ ಎಲ್ಲಿಗೆ ಬಂತು ಅಂತ ತಲೆಯಲ್ಲಿ ಹಿಡಿದಿಟ್ಟಿದ್ದು, ಕರ್ಸರ್ ಹುಡುಕೋ ಹೊತ್ತಿಗೆ ಜಾರಿಹೋಗಿರುತ್ತೆ. ಶಾರ್ಟ್‌ಕಟ್ ಉಳಿಸೋದು ಮುಖ್ಯವಾಗಿ ಇದನ್ನ.

ಮೊದಲು ಯಾವ ಕೀ ಬದಲಾಯಿಸಬೇಕು ಅಂತ ಕೇಳಿದರೆ ನಮ್ಮ ಉತ್ತರ ಕ್ಯಾಪ್ಸ್ ಲಾಕ್. ಎಡಗೈ ಕಿರುಬೆರಳಿನ ಪಕ್ಕದಲ್ಲೇ ಒಳ್ಳೇ ಜಾಗ ಹಿಡಿದು ಕೂತಿದೆ, ಮಾಡೋ ಕೆಲಸ ಬಹುಪಾಲು ಪಾಸ್‌ವರ್ಡ್ ತಪ್ಪಿಸೋದು! ಈ ಜಾಗ ಮೊದಲಿಂದಲೂ ಅದರದ್ದೇ ಆಗಿರಲಿಲ್ಲ. 1976ರಲ್ಲಿ ಬಿಲ್ ಜಾಯ್ ವಿಐ ಎಡಿಟರ್ ಬರೆದದ್ದು ಎಡಿಎಂ-3ಎ ಎಂಬ ಟರ್ಮಿನಲ್ ಮೇಲೆ. ಅದರಲ್ಲಿ ಎ ಅಕ್ಷರದ ಪಕ್ಕ ಕಂಟ್ರೋಲ್ ಇತ್ತು, ಈಗ ಟ್ಯಾಬ್ ಇರುವಲ್ಲಿ ಎಸ್ಕೇಪ್ ಇತ್ತು, ಎಚ್, ಜೆ, ಕೆ, ಎಲ್ ಕೀಗಳ ಮೇಲೆ ಬಾಣದ ಗುರುತು ಅಚ್ಚಾಗಿತ್ತು. ವಿಮ್ ಯಾಕೆ ಮಾತುಮಾತಿಗೂ ಎಸ್ಕೇಪ್ ಒತ್ತಿಸುತ್ತೆ ಅಂತ ಬೈಕೊಳ್ಳೋರಿಗೆ ಇದೇ ಕಾರಣ: ಆಗ ಅದು ಬೆರಳಿಗೆ ಹತ್ತಿರವಿತ್ತು, ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮೂಲೆ ಸೇರಿದೆ. ವಿಮ್ ಬಳಸೋರು ಕ್ಯಾಪ್ಸ್ ಲಾಕನ್ನ ಎಸ್ಕೇಪ್ ಮಾಡ್ಕೊಳ್ಳಬಹುದು. ಉಳಿದೋರಿಗೆ ಕಂಟ್ರೋಲ್ ವಾಸಿ.

ಉಬುಂಟುನಲ್ಲಿ ಗ್ನೋಮ್ ಟ್ವೀಕ್ಸ್ ಹಾಕಿಕೊಂಡರೆ ಕೀಬೋರ್ಡ್ ವಿಭಾಗದಲ್ಲೇ ಈ ಆಯ್ಕೆ ಇದೆ. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಸಿಗುತ್ತೆ, ಅದರೊಳಗಿನ ಕೀಬೋರ್ಡ್ ಮ್ಯಾನೇಜರ್ ತೆರೆಯಬೇಕು. ಪವರ್‌ಟಾಯ್ಸ್ ಓಡ್ತಿರುವಷ್ಟು ಹೊತ್ತು ಮಾತ್ರ ಬದಲಾವಣೆ ಇರುತ್ತೆ ಅನ್ನೋದು ನೆನಪಿರಲಿ. ಮ್ಯಾಕ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್ ಒಳಗೆ ಮಾಡಿಫೈಯರ್ ಕೀಸ್ ಅಂತಲೇ ಒಂದು ಜಾಗ ಇದೆ.

ಇನ್ನು ಎಡಿಟರ್ ಒಳಗಿನ ಶಾರ್ಟ್‌ಕಟ್. ಇಲ್ಲಿ ನಾವು ಹೆಚ್ಚಾಗಿ ಕೇಳೋ ದೂರು ಒಂದೇ: "ಹೊಸ ಶಾರ್ಟ್‌ಕಟ್ ಹಾಕಿದೀನಿ ಮಗಾ, ವರ್ಕೇ ಆಗ್ತಿಲ್ಲ." ಒತ್ತಿದ ಕೀ ನೇರವಾಗಿ ಎಡಿಟರ್‌ಗೆ ಹೋಗಲ್ಲ. ಆಪರೇಟಿಂಗ್ ಸಿಸ್ಟಂ, ಡೆಸ್ಕ್‌ಟಾಪ್, ಹಿನ್ನೆಲೆಯಲ್ಲಿ ಓಡ್ತಿರೋ ಪ್ರೋಗ್ರಾಂಗಳು ಮೊದಲು ನೋಡ್ತವೆ, ಉಳಿದದ್ದು ಎಡಿಟರ್‌ಗೆ. ಮೆಸ್ ಸಾಲಲ್ಲಿ ಮುಂದಿದ್ದೋರು ಹಪ್ಪಳ ಖಾಲಿ ಮಾಡಿದ ಹಾಗೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್-ಆಲ್ಟ್-ಕೆಳಗಿನ ಆರೋ ಒತ್ತಿದರೆ ಕೆಳಸಾಲಿನಲ್ಲೂ ಇನ್ನೊಂದು ಕರ್ಸರ್ ಬರಬೇಕು. ಹಳೇ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಇರೋ ಕೆಲವು ವಿಂಡೋಸ್ ಸಿಸ್ಟಂಗಳಲ್ಲಿ ಅದನ್ನೇ ಒತ್ತಿದರೆ ಸ್ಕ್ರೀನೇ ತಲೆಕೆಳಗಾಗುತ್ತೆ, ಯಾಕಂದ್ರೆ ಡ್ರೈವರ್ ಆ ಕೀಗಳನ್ನ ಮೊದಲೇ ಕಿತ್ಕೊಂಡಿರುತ್ತೆ. (ಮೇಲಿನ ಆರೋ ಜೊತೆ ಒತ್ತಿದರೆ ಸರಿಹೋಗುತ್ತೆ, ಲ್ಯಾಬ್ ಸರ್‌ನ ಕರೆಯೋದು ಬೇಡ.)

ಕನ್ನಡ ಸಂಘದ ನಮಗೆ ಈ ಸಾಲಲ್ಲಿ ಇನ್ನೊಬ್ಬರು ಜಾಸ್ತಿ: ಕನ್ನಡ ಕೀಲಿಮಣೆ. ಪತ್ರಿಕೆಗೆ ಲೇಖನ ಟೈಪ್ ಮಾಡ್ತಾ ಹಾಗೇ ಕೋಡ್‌ಗೆ ಬಂದರೆ, ಕಗಪ ಲೇಔಟ್‌ನಲ್ಲಿ ಜೆ ಒತ್ತಿದಾಗ ವಿಮ್‌ಗೆ ತಲುಪೋದು 'ಜ'. ಕರ್ಸರ್ ಅಲ್ಲಾಡಲ್ಲ. ಭಾಷೆ ಬದಲಿಸೋಕೆ ಸುಲಭ ಅಂತ ಕಂಟ್ರೋಲ್-ಸ್ಪೇಸ್ ಇಟ್ಟುಕೊಂಡರೆ ವಿಎಸ್ ಕೋಡ್‌ನಲ್ಲಿ ಸಜೆಷನ್ ಪಟ್ಟಿ ಕರೆಯೋ ದಾರಿ ಮುಚ್ಚಿಹೋಗುತ್ತೆ, ಅದರದ್ದೂ ಅದೇ ಕೀ. ಗ್ನೋಮ್‌ನ ಸೂಪರ್-ಸ್ಪೇಸ್, ವಿಂಡೋಸ್‌ನ ವಿಂಡೋಸ್-ಸ್ಪೇಸ್ ಎರಡನ್ನೂ ಇದ್ದ ಹಾಗೇ ಬಿಡೋದೇ ಜಾಣತನ. ಎರಡರಲ್ಲೂ ಪ್ರತಿ ವಿಂಡೋಗೆ ಬೇರೆ ಬೇರೆ ಭಾಷೆ ಇಟ್ಟುಕೊಳ್ಳೋ ಆಯ್ಕೆಯೂ ಇದೆ. ಅದನ್ನ ಆನ್ ಮಾಡಿದರೆ ಲೇಖನದ ವಿಂಡೋ ಕನ್ನಡದಲ್ಲೇ ಇರುತ್ತೆ, ಕೋಡ್‌ನದು ಇಂಗ್ಲಿಷ್‌ನಲ್ಲೇ.

ವಿಎಸ್ ಕೋಡ್‌ನಲ್ಲಿ ಕಂಟ್ರೋಲ್-ಕೆ, ಅದರ ಹಿಂದೆಯೇ ಕಂಟ್ರೋಲ್-ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪೂರ್ತಿ ಪಟ್ಟಿ ತೆರೆಯುತ್ತೆ. ಸರ್ಚ್ ಬಾಕ್ಸ್ ಪಕ್ಕದ ರೆಕಾರ್ಡ್ ಕೀಸ್ ಬಟನ್ ಒತ್ತಿ, ನಮಗೆ ಬೇಕಾದ ಕೀ ಒತ್ತಿದರೆ ಅದನ್ನ ಈಗಾಗಲೇ ಯಾವ ಕಮಾಂಡ್ ಹಿಡಿದಿದೆ ಅಂತ ಕಾಣುತ್ತೆ. ಹೊಸದು ಹಾಕೋ ಮುಂಚೆ ಇದನ್ನ ನೋಡಲೇಬೇಕು. ಪಟ್ಟಿಯಲ್ಲಿ ವೆನ್ ಅನ್ನೋ ಒಂದು ಕಾಲಂ ಇದೆ, ಹೆಚ್ಚು ಜನ ಅದನ್ನ ಮುಟ್ಟೋದೇ ಇಲ್ಲ. ಒಂದೇ ಕೀ ಎಲ್ಲಿದ್ದಾಗ ಏನು ಮಾಡಬೇಕು ಅಂತ ಅಲ್ಲಿ ಹೇಳಬಹುದು. ಆಲ್ಟ್-ಜೆ ಖಾಲಿ ಇದೆ ಅಂದುಕೊಳ್ಳೋಣ. ಎಡಿಟರ್‌ನಲ್ಲಿದ್ದಾಗ ಅದು ಟರ್ಮಿನಲ್‌ಗೆ ಕರ್ಕೊಂಡು ಹೋಗಲಿ, ಟರ್ಮಿನಲ್‌ನಲ್ಲಿದ್ದಾಗ ಎಡಿಟರ್‌ಗೆ ವಾಪಸ್ ತರಲಿ ಅಂತ ಎರಡು ಸಲ ಹಾಕಿದರೆ ಮುಗೀತು. ಕೋಡ್ ಬರೆದು, ಓಡಿಸಿ, ಎರರ್ ನೋಡಿ, ತಿದ್ದಿ ಅಂತ ದಿನಕ್ಕೆ ನೂರು ಸಲ ಮಾಡೋ ಕೆಲಸದಲ್ಲಿ ಮೌಸ್ ಮುಟ್ಟೋ ಪ್ರಮೇಯವೇ ಇರಲ್ಲ.

ಸೀನಿಯರ್ಸ್ ಹತ್ರ ಇರೋ ಇನ್ನೂರು ಸಾಲಿನ ಸೆಟ್ಟಿಂಗ್ ಫೈಲ್ ಕಾಪಿ ಹೊಡೆಯೋದನ್ನ ನಾವು ಒಪ್ಪಲ್ಲ. ಅದು ಅವರ ಕೈಯ ಅಭ್ಯಾಸ. ಕಂಟ್ರೋಲ್-ಪಿ, ಕಂಟ್ರೋಲ್-ಡಿ, ಎಫ್2, ಆಲ್ಟ್-ಆರೋ ಇವೆಲ್ಲ ಮೊದಲೇ ಚೆನ್ನಾಗಿವೆ, ಕಲಿತರೆ ಸಾಕು. ಕೈ ಪದೇಪದೇ ತಡವರಿಸೋ ಕಡೆ ಮಾತ್ರ ಬದಲಾಯಿಸೋಣ, ವಾರಕ್ಕೆ ಒಂದೋ ಎರಡೋ.

ಲ್ಯಾಬ್ ಎಕ್ಸಾಂ, ಪ್ಲೇಸ್‌ಮೆಂಟ್ ಟೆಸ್ಟ್‌ಗಳಲ್ಲಿ ನಮ್ಮ ಸೆಟ್ಟಿಂಗ್ ಯಾವುದೂ ಇರಲ್ಲ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಹಿಂದಿನ ಪದ ಅಳಿಸುತ್ತೆ, ಬ್ರೌಸರ್‌ನಲ್ಲಿ ಟ್ಯಾಬನ್ನೇ ಮುಚ್ಚುತ್ತೆ. ಆನ್‌ಲೈನ್ ಟೆಸ್ಟ್ ಮಧ್ಯೆ ಹಾಗಾದರೆ ಏನು ಕಥೆ? ಬ್ರೌಸರ್‌ನಲ್ಲಿ ಪದ ಅಳಿಸೋಕೆ ಕಂಟ್ರೋಲ್-ಬ್ಯಾಕ್‌ಸ್ಪೇಸ್ ರೂಢಿ ಮಾಡ್ಕೊಳ್ಳಬೇಕು. ಲ್ಯಾಬ್ ಸಿಸ್ಟಂನಲ್ಲಿ ಎಸ್ಕೇಪ್ ಅಂದ್ಕೊಂಡು ಕ್ಯಾಪ್ಸ್ ಲಾಕ್ ಒತ್ತಿ, ಆಮೇಲೆ ನಿಜವಾದ ಎಸ್ಕೇಪ್ ಒತ್ತಿ ಜೆ ಹಿಡಿದರೆ, ಕರ್ಸರ್ ಇಳಿಯೋ ಬದಲು ಸಾಲುಗಳು ಒಂದಕ್ಕೊಂದು ಅಂಟಿಕೊಳ್ತಾ ಹೋಗ್ತವೆ. ಆಗ ಮೊದಲು ಕ್ಯಾಪ್ಸ್ ಲಾಕ್ ತೆಗೆದು, ಸಾಲುಗಳು ಬಿಡಿಬಿಡಿ ಆಗೋವರೆಗೂ ಚಿಕ್ಕ ಯು ಒತ್ತಬೇಕು. ಪರೀಕ್ಷೆಗೆ ಎರಡು ದಿನ ಮುಂಚೆ ನಮ್ಮ ಲ್ಯಾಪ್‌ಟಾಪ್‌ನಲ್ಲೂ ಬದಲಾವಣೆಗಳನ್ನ ಆಫ್ ಮಾಡಿ ಒಂದೆರಡು ಪ್ರೋಗ್ರಾಂ ಬರೆದರೆ ಈ ಫಜೀತಿ ಕಡಿಮೆ.