ಮಳೆಗಾಲದಲ್ಲೂ ಹಪ್ಪಳ ಒಣಗಿತು!
(ಸಂಘದ ಸಭೆಗೊಂದು ಪಾಠ)



“ಹೊಸದಾಗಿ ಏನಾದ್ರೂ ಮಾಡ್ಬೇಕು ಸಿಸ್ಟರ್, ಆದ್ರೆ ನಮಗೆ ತಲೆ ಓಡಲ್ಲ” ಎಂದು ಸಂಘದ ಸಭೆಗಳಲ್ಲಿ ಹಲವರು ಹೇಳುವುದುಂಟು. ಹೊಸ ಉಪಾಯ ಹೆಚ್ಚು ಓದಿದವರಿಗೆ ಮಾತ್ರ ಹೊಳೆಯುತ್ತದೆಯೇ? ಲಿಜ್ಜತ್ ಹಪ್ಪಳದ ಕಥೆ ನೋಡೋಣ.

ಏಳು ಮಂದಿ, 80 ರೂಪಾಯಿ

1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ತಮ್ಮ ಕಟ್ಟಡದ ತಾರಸಿಯಲ್ಲಿ ಸೇರಿ ಹಪ್ಪಳ ಮಾಡತೊಡಗಿದರು. ಬಂಡವಾಳ 80 ರೂಪಾಯಿ, ಅದೂ ಸಾಲ. ದಾನ ಪಡೆಯಬಾರದು, ಲಾಭ ಬಂದರೂ ನಷ್ಟವಾದರೂ ಎಲ್ಲರೂ ಹಂಚಿಕೊಳ್ಳಬೇಕು ಎಂಬುದು ಅವರ ನಿಯಮ.

ಮೊದಲ ವರ್ಷವೇ ಮಳೆಗಾಲದ ಪೆಟ್ಟು ಬಿತ್ತು. ಬಿಸಿಲಿಲ್ಲದೆ ಹಪ್ಪಳ ಒಣಗಲಿಲ್ಲ. ನಾಲ್ಕು ತಿಂಗಳು ಕೆಲಸ ನಿಂತಿತು. ಆದರೆ ಅವರು ಕೈಬಿಡಲಿಲ್ಲ. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಹಚ್ಚಿಟ್ಟರು. ಹಪ್ಪಳ ಒಣಗಿತು! ದೊಡ್ಡ ಯಂತ್ರವಿಲ್ಲ, ಮನೆಯಲ್ಲಿರುವಂಥ ವಸ್ತುಗಳೇ ಸಾಕಾದವು.

ಕೆಲಸ ಹಂಚುವ ಕ್ರಮವೂ ಹೊಸತೇ. ಹಿಟ್ಟು ಕಲಸುವುದು ಕೇಂದ್ರದಲ್ಲಿ. ಲಟ್ಟಿಸಿ ಒಣಗಿಸುವುದು ಅವರವರ ಮನೆಯಲ್ಲಿ. ಮರುದಿನ ಹಪ್ಪಳ ತಂದುಕೊಟ್ಟಾಗ ಗುಣಮಟ್ಟ ನೋಡಿ ಕೂಲಿ ಕೊಡುತ್ತಾರೆ. ಹೀಗಾಗಿ ಎಳೆಯ ಮಕ್ಕಳಿರುವ ತಾಯಿಯೂ ದುಡಿಯಬಹುದು. ಇಂದು ಈ ಸಂಸ್ಥೆಯಲ್ಲಿ ಸುಮಾರು 45 ಸಾವಿರ ಮಹಿಳೆಯರಿದ್ದಾರೆ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ನಮಗೇನು ಪಾಠ?

1. ಎಲ್ಲರೂ ಮಾತಾಡಬೇಕು. ಎಷ್ಟೋ ಸಂಘಗಳಲ್ಲಿ ಇಬ್ಬರು ಪ್ರತಿನಿಧಿಗಳು ಮಾತಾಡುತ್ತಾರೆ, ಉಳಿದವರು ನಡವಳಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಹೋಗುತ್ತಾರೆ. ಒಲೆ ಮುಂದೆ ಕೂತವಳಿಗೆ ತಾನೆ ಹೊಗೆಯ ಉರಿ ಗೊತ್ತು? ಅವಳು ಬಾಯಿ ಬಿಡದಿದ್ದರೆ ಸಂಘಕ್ಕೆ ಕಷ್ಟವೂ ತಿಳಿಯದು, ಉಪಾಯವೂ ಸಿಗದು.

2. ನಗಬೇಡಿ. ಒಬ್ಬಳ ಸಲಹೆಗೆ ಒಮ್ಮೆ ನಕ್ಕರೆ ಅವಳು ಮತ್ತೆ ಮಾತಾಡುವುದಿಲ್ಲ. “ಸರಿ, ಸ್ವಲ್ಪ ಮಾಡಿ ನೋಡೋಣ” ಅನ್ನಿ.

3. ನಷ್ಟವನ್ನೂ ಹಂಚಿಕೊಳ್ಳಿ. ಇದೇ ಕಷ್ಟದ ಪಾಠ. ಮಾಡಿದ ಉಪ್ಪಿನಕಾಯಿ ಮಾರಾಟವಾಗದಿದ್ದರೆ “ನೀನೇ ಹೇಳಿದ್ದು, ನೀನೇ ಕಟ್ಟು” ಎಂದು ಒಬ್ಬಳ ಮೇಲೆ ಹೊರಿಸುತ್ತೇವೆ. ಆಮೇಲೆ ಹೊಸದನ್ನು ಹೇಳಲು ಯಾರಿಗೆ ಧೈರ್ಯ ಬಂದೀತು? ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತಾರಲ್ಲ, ಹಾಗೆ. ಆದ್ದರಿಂದ ಹೊಸ ಕೆಲಸವನ್ನು ಸಣ್ಣ ಮೊತ್ತದಿಂದ ಶುರು ಮಾಡಿ. ನಷ್ಟವಾದರೆ ಯಾರ್‍ಯಾರು ಎಷ್ಟು ಭರಿಸಬೇಕೆಂದು ಮೊದಲೇ ನಿರ್ಣಯ ಬರೆಯಿರಿ.

ಸಭೆಯಲ್ಲಿ ಚರ್ಚಿಸಿ

● ಕಳೆದ ಮೂರು ಸಭೆಗಳಲ್ಲಿ ಒಂದು ಮಾತೂ ಆಡದವರು ಯಾರು? ಏಕೆ?
● ನಮ್ಮ ಕೆಲಸ ನಿಲ್ಲಿಸುವ “ಮಳೆಗಾಲ” ಯಾವುದು?
● ಅದಕ್ಕೆ ನಮ್ಮ ಮನೆಯಲ್ಲೇ ಇರುವ “ಮಂಚ ಮತ್ತು ಸ್ಟೌ” ಯಾವುದು?

ಮುಂದಿನ ಸಭೆಯಲ್ಲಿ, ಯಾವಾಗಲೂ ಕೊನೆಯಲ್ಲಿ ಕೂರುವ ಸದಸ್ಯೆಯಿಂದಲೇ ಮಾತು ಆರಂಭಿಸಿ.